ಬೇಡ್ತಿಯ ನೆನಪು, ಮಲಪ್ರಭೆಯ ಪ್ರಶ್ನೆ

ಬೇಡ್ತಿ-ವರದಾ ನದಿ ಜೋಡಣೆಯ ಪ್ರಸ್ತಾಪ ಮತ್ತೆ ತಲೆಯೆತ್ತಿರುವಾಗ ಹಳೆಯ ಹೋರಾಟವೊಂದು ನೆನಪಾಗುತ್ತದೆ. ಬೇಡ್ತಿಗೆ ಜಲವಿದ್ಯುತ್ ಅಣೆಕಟ್ಟು ಬೇಡವೆಂದ ಉತ್ತರ ಕನ್ನಡದ ಅಡಿಕೆ ಬೆಳೆಗಾರರು 1981ರಲ್ಲಿ ಶಿರಸಿಯ ವಿಚಾರ ಸಂಕಿರಣಕ್ಕೆ ವಿಜ್ಞಾನಿಗಳನ್ನು ಕರೆಸಿದರು. ಮುಳುಗುವ ಕಾಡು-ತೋಟಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದರು. ಯೋಜನೆ ಮೂಲೆಗುಂಪಾಯಿತು. ಘೋಷಣೆಯಷ್ಟೇ ಲೆಕ್ಕವೂ ಗೆಲ್ಲಿಸಿದ ಹೋರಾಟವದು.

ಅಂಥ ಲೆಕ್ಕ ಬಾಗಲಕೋಟೆ ಜಿಲ್ಲೆಗೂ ಬೇಕಾಗಿದೆ. ಕಳಸಾ-ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಲು ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಒಪ್ಪಿದ್ದು 3.9 ಟಿಎಂಸಿ ಅಡಿ ನೀರು. ನವಿಲುತೀರ್ಥ ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಅಂದರೆ, ಬರುವುದು ಅದರ ಹತ್ತರಲ್ಲೊಂದು ಪಾಲು ಮಾತ್ರ.

ಕುಡಿಯುವ ನೀರಿನ ಬೇಡಿಕೆ ನ್ಯಾಯವಾದುದೇ. ಹಳೆಯ ಬಾಗಲಕೋಟೆಯನ್ನು ಆಲಮಟ್ಟಿ ಹಿನ್ನೀರಿಗೆ ಒಪ್ಪಿಸಿದವರಿಗೆ ಮುಳುಗಡೆಯ ನೋವನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬಾದಾಮಿ ತಾಲ್ಲೂಕನ್ನು ಹಾದು, ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಬೇಸಿಗೆಯಲ್ಲಿ ಸೊರಗುತ್ತದೆ. 2019ರ ಆಗಸ್ಟ್‌ನಲ್ಲಿ ಅದೇ ನದಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತು. ನದಿಪಾತ್ರದ ಒತ್ತುವರಿ ತೆರವು, ಹೂಳೆತ್ತುವಿಕೆ, ಕೆರೆಗಳ ಪುನಶ್ಚೇತನ ಇವಾವುದಕ್ಕೂ ನ್ಯಾಯಮಂಡಳಿಯ ಅಪ್ಪಣೆ ಬೇಕಿಲ್ಲ.

ಕಾಡಿನ ನದಿಯನ್ನು ತಿರುಗಿಸುವ ಮುನ್ನ ಊರಿನ ನದಿಯನ್ನು ಉಳಿಸಿಕೊಂಡಿದ್ದೇವೆಯೇ? ಬೇಡ್ತಿ ಇಂದಿಗೂ ಕೇಳುತ್ತಿರುವ ಪ್ರಶ್ನೆ ಇದೇ.