ನಾವು ಹೆದರೋದು ತಪ್ಪು ಹುಳಕ್ಕೆ

ನಮ್ಮ ಕ್ಯಾಂಪಸ್‌ನಲ್ಲಿ ಸೈಕಲ್ ಟೂರ್ ಹುಚ್ಚು ಈಗ ಜೋರಾಗಿದೆ. ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನವೇ ಯಾರಾದರೂ ಕ್ಯಾರಿಯರ್‌ಗೆ ಟೆಂಟ್ ಕಟ್ಟಿಕೊಂಡು ಹೊರಟಿರ್ತಾರೆ. ಒಳ್ಳೇದೇ, ನಾನೂ ಅವರಲ್ಲಿ ಒಬ್ಬ. ಆದರೆ ಒಂದು ವಿಷಯದಲ್ಲಿ ನಾವು ತಪ್ಪು ಮಾಡ್ತಿದ್ದೀವಿ ಅಂತ ನನಗೆ ಅನ್ನಿಸಿದೆ. ನೇರವಾಗಿ ಹೇಳಿಬಿಡ್ತೀನಿ: ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡಿನಲ್ಲಿ ಟೆಂಟ್ ಹಾಕಿ ಮಲಗಬೇಡಿ. ಯಾವುದಾದರೂ ಮನೆಯವರನ್ನ ಕೇಳಿ, ಅವರ ಅಂಗಳದಲ್ಲಿ ಮಲಗಿ.

ಇದನ್ನ ನಾನು ಓದಿ ಕಲಿತಿದ್ದಲ್ಲ, ಬೈಸಿಕೊಂಡು ಕಲಿತಿದ್ದು.

ಕಳೆದ ಜನವರಿಯಲ್ಲಿ ನಾವು ನಾಲ್ಕು ಜನ ಶಿವಮೊಗ್ಗದಿಂದ ಹೊರಟು ಸಾಗರ, ಜೋಗ ನೋಡಿ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ ಸೇರೋ ಪ್ಲಾನ್ ಹಾಕಿದ್ವಿ. ಹುಳಹುಪ್ಪಟೆ ಬಗ್ಗೆ ತಯಾರಿ ಮಾಡಿಕೊಂಡಿರಲಿಲ್ಲ ಅಂತಲ್ಲ. ಒಂದು ವಾರ ಕೂತು ವಿಡಿಯೊ ನೋಡಿದ್ವಿ. ಹೆಚ್ಚಿನವು ಸ್ಕಾಟ್ಲೆಂಡಿನವು. ಅಲ್ಲಿ ಮಿಡ್ಜ್ ಅಂತ ಕಚ್ಚುವ ನುಸಿ ಇದೆ, ಬೇಸಿಗೆಯ ಸಂಜೆ ಮೋಡದ ಹಾಗೆ ಮುತ್ತಿಕೊಳ್ಳುತ್ತೆ. ಅದಕ್ಕೆ ಅವರು ತಲೆಗೆ ಬಲೆ ಹಾಕಿಕೊಳ್ತಾರೆ. ನಾವೂ ನಾಲ್ಕು ಬಲೆ ತರಿಸಿದ್ವಿ! ಇಂಬಳ ಹತ್ತಿದರೆ ಇರಲಿ ಅಂತ ಅರ್ಧ ಕೆಜಿ ಉಪ್ಪನ್ನೂ ಹೊತ್ತುಕೊಂಡ್ವಿ. ಮಳೆಗಾಲದ ಇಂಬಳ ಜನವರಿಯ ಒಣ ನೆಲದಲ್ಲಿ ಎಲ್ಲಿಂದ ಬರಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ.

ಮೊದಲ ರಾತ್ರಿ ಸಾಗರ ದಾಟಿ, ರಸ್ತೆಯಿಂದ ಸ್ವಲ್ಪ ಒಳಗೆ ಮರಗಳ ಕೆಳಗೆ ಟೆಂಟ್ ಹಾಕಿದ್ವಿ. ಒಣ ಎಲೆ ಒಂದು ಗೇಣು ದಪ್ಪ ಬಿದ್ದಿತ್ತು. ಹಾಸಿಗೆ ಫ್ರೀ ಅಂತ ಖುಷಿಪಟ್ವಿ. ಸೊಳ್ಳೆ ಹೆಚ್ಚೇನೂ ಇರಲಿಲ್ಲ, ಚಳಿ ಹಿತವಾಗಿತ್ತು. ಎಂಥ ಜಾಗ ಸಿಕ್ತು ಅಂತ ಫೋಟೊ ಹಾಕಿದ್ವಿ.

ಬೆಳಿಗ್ಗೆ ನೀರು ಕೇಳೋಕೆ ಹತ್ತಿರದ ಮನೆಗೆ ಹೋದ್ವಿ. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಮ್ಮ ಒಬ್ಬರು ಚೊಂಬು ತುಂಬಿ ನೀರು ಕೊಟ್ಟು, ರಾತ್ರಿ ಎಲ್ಲಿ ಉಳಿದಿದ್ರಿ ಅಂತ ಕೇಳಿದರು. ನಾವು ಹೆಮ್ಮೆಯಿಂದ ಕಾಡಿನ ಕಡೆ ಕೈ ತೋರಿಸಿದ್ವಿ.

"ಎಂತ ಮಾರಾಯ, ಈ ತಿಂಗಳಲ್ಲಿ ಅಲ್ಲಿ ಮಲಗ್ತಾರಾ? ಹೇಳೋರು ಕೇಳೋರು ಯಾರೂ ಇಲ್ವಾ ನಿಮಗೆ? ಮೊದ್ಲು ಮೈ ನೋಡ್ಕೊಳ್ಳಿ, ಉಣುಗು ಹತ್ತಿದ್ಯಾ ಅಂತ."

ನೋಡಿಕೊಂಡ್ವಿ. ಒಬ್ಬನ ಸೊಂಟದ ಹತ್ತಿರ, ಚಡ್ಡಿ ಎಲಾಸ್ಟಿಕ್ ಕೆಳಗೆ, ಎಳ್ಳಿನಷ್ಟು ಚಿಕ್ಕದೊಂದು ಕಚ್ಚಿಕೊಂಡು ಕೂತಿತ್ತು. ಅವನಿಗೆ ನೋವೂ ಇಲ್ಲ, ತುರಿಕೆಯೂ ಇಲ್ಲ. ಇನ್ನೊಬ್ಬ ಬೆಂಕಿಕಡ್ಡಿಯಿಂದ ಸುಡೋಣ ಅಂದ. ಅಮ್ಮ ಅದಕ್ಕೂ ಬೈದರು. ಸುಡಬಾರದು, ಹಿಸುಕಬಾರದು, ಸೀಮೆಎಣ್ಣೆ ಸುರೀಬಾರದು. ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ, ನಿಧಾನಕ್ಕೆ ಎಳೀಬೇಕು, ಆಮೇಲೆ ಸೋಪು ಹಾಕಿ ತೊಳೀಬೇಕು. ಹಾಗೇ ಮಾಡಿದ್ವಿ.

ಆಮೇಲೆ ಅವರು ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ಅವರ ಯಜಮಾನರು ಕೊಟ್ಟಿಗೆಗೆ ದರಗು ತರೋಕೆ ಇದೇ ಕಾಡಿಗೆ ಹೋಗಿದ್ದರು. ದರಗು ಅಂದ್ರೆ ನಾವು ಹಾಸಿಗೆ ಮಾಡಿಕೊಂಡಿದ್ವಲ್ಲ, ಅದೇ ಒಣ ಎಲೆ. ವಾರದಲ್ಲಿ ಜ್ವರ ಬಂತು. ಹದಿನೈದು ದಿನ ಆಸ್ಪತ್ರೆ. ಬದುಕಿ ಬಂದರು, ಆದರೆ ಆ ವರ್ಷ ಮರ ಹತ್ತೋಕೆ ಆಗಲಿಲ್ಲ, ಕೊಯ್ಲಿಗೆಲ್ಲ ಕೂಲಿಯವರೇ ಆಗಬೇಕಾಯ್ತು. "ಮಂಗನ ಕಾಯಿಲೆ" ಅಂದರು.

ನಾಚಿಕೆಯ ವಿಷಯ ಹೇಳ್ತೀನಿ. ಮಂಗನ ಕಾಯಿಲೆ ಅನ್ನೋ ಹೆಸರು ನಾನು ಕೇಳಿದ್ದೆ. ಕೆಎಫ್‌ಡಿ ಅನ್ನೋದನ್ನೂ ಎಲ್ಲೋ ಓದಿದ್ದೆ. ಎರಡೂ ಒಂದೇ ಅಂತ ಗೊತ್ತಿರಲಿಲ್ಲ. ಕೆ ಅಂದ್ರೆ ಕ್ಯಾಸನೂರು, ಸೊರಬ ತಾಲ್ಲೂಕಿನ ಕಾಡು. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು, ಜನಕ್ಕೂ ಜ್ವರ ಬಂತು, ಹುಡುಕಿದಾಗ ಜಗತ್ತಿಗೇ ಹೊಸದಾದ ವೈರಸ್ ಸಿಕ್ಕಿತು. ಸ್ಕಾಟ್ಲೆಂಡಿನ ನುಸಿ ಎಷ್ಟು ಗಂಟೆಗೆ ಏಳುತ್ತೆ ಅಂತ ನನಗೆ ಗೊತ್ತಿತ್ತು, ನಮ್ಮದೇ ರಾಜ್ಯದ ಊರಿನ ಹೆಸರಿರೋ ಕಾಯಿಲೆ ಗೊತ್ತಿರಲಿಲ್ಲ.

ಉಣುಗು ಅಸಲಿಗೆ ಕೀಟವೇ ಅಲ್ಲ, ಜೇಡದ ಬಳಗ. ಹಾರಲ್ಲ, ಜಿಗಿಯಲ್ಲ. ಹುಲ್ಲಿನ ತುದಿಗೋ ಎಲೆಯ ಅಂಚಿಗೋ ಹತ್ತಿ ಮುಂಗಾಲು ಚಾಚಿ ಕಾಯುತ್ತೆ. ಆ ಮುಂಗಾಲಲ್ಲೇ ಅದರ ಸೆನ್ಸರ್ ಇರೋದು. ನಾವು ಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್, ಮೈಯ ಬಿಸಿ ಎರಡೂ ಅದಕ್ಕೆ ಗೊತ್ತಾಗುತ್ತೆ. ವೈರಸ್ ತಗುಲಿ ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಉದುರಿ ಸುತ್ತಲಿನ ನೆಲದಲ್ಲಿ ಹರಡುತ್ತವೆ. ಅಲ್ಲಿ ಓಡಾಡಿದವರಿಗೆ ಹತ್ತುತ್ತವೆ. ಕಚ್ಚಿದ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಸಾಯುತ್ತಾರೆ ಅನ್ನೋದು ಸಾಮಾನ್ಯವಾಗಿ ಕೊಡುವ ಲೆಕ್ಕ. ಇದಕ್ಕೇ ಅಂತ ಮದ್ದಿಲ್ಲ, ಲಕ್ಷಣ ನೋಡಿ ಆರೈಕೆ ಮಾಡಬೇಕು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ ನಿಲ್ಲಿಸಿದ್ದಾರೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಹಲವರು ಇದರಿಂದ ತೀರಿಕೊಂಡರು. ಅದು ನಾವು ಸೆಲ್ಫಿ ತೆಗೆದುಕೊಳ್ಳೋ ಜೋಗದಿಂದ ದೂರವೇನಿಲ್ಲ.

ಇಂಬಳ ನೋಡಿದರೆ ಚೀರ್ತೀವಿ. ಅದು ರಕ್ತ ಕುಡಿದು, ಸಾಕಾದ ಮೇಲೆ ತಾನೇ ಉದುರಿ ಹೋಗುತ್ತೆ, ಸ್ವಲ್ಪ ಹೊತ್ತು ರಕ್ತ ನಿಲ್ಲಲ್ಲ, ತುರಿಸುತ್ತೆ, ಅಷ್ಟೇ. ಸೊಳ್ಳೆ ಗುಂಯ್ ಅಂದರೆ ಎದ್ದು ಕೂರ್ತೀವಿ. ಸದ್ದಿಲ್ಲದ, ನೋವಿಲ್ಲದ, ಎಳ್ಳಿನಷ್ಟಿರೋದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಹೆದರಬೇಕಾದ ಹುಳ ಅದೇ.

ಆ ಎಂಟು ದಿನ ನಾವು ನಾಲ್ಕೂ ಜನ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು, ನಂಬರನ್ನ ಗ್ರೂಪಿಗೆ ಹಾಕ್ತಿದ್ವಿ. ಐದನೇ ದಿನ ಅವನಿಗೆ 99.4 ಬಂತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮನೇಲಿ ಹೇಳೋ ಧೈರ್ಯವೂ ಇರಲಿಲ್ಲ. ಬೆಳಿಗ್ಗೆ ಇಳಿಯಿತು, ಬರೀ ನೆಗಡಿ. ನಮಗೇನೂ ಆಗಲಿಲ್ಲ. ಆದರೆ ಅದು ನಮ್ಮ ಜಾಣತನ ಅಲ್ಲ, ಅದೃಷ್ಟ.

"ಇಷ್ಟೆಲ್ಲ ಹೆದರಿದರೆ ಹಾಸ್ಟೆಲ್‌ನಲ್ಲೇ ಬಿದ್ದಿರು" ಅಂತ ಸೀನಿಯರ್ ಒಬ್ಬರು ನಕ್ಕರು. ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ವಿಡಿಯೊದ ರೂಲ್ಸ್ ಇಲ್ಲಿಗೆ ತರಬೇಡಿ ಅಂತಿದ್ದೀನಿ. ಸ್ಕಾಟ್ಲೆಂಡಿನಲ್ಲಿ 2003ರ ಕಾನೂನೇ ಜವಾಬ್ದಾರಿಯಿಂದ ಬಯಲಲ್ಲಿ ಟೆಂಟ್ ಹಾಕುವ ಹಕ್ಕು ಕೊಟ್ಟಿದೆ. ಅಲ್ಲೂ ಉಣುಗು ಇದೆ, ಅದರಿಂದ ಲೈಮ್ ಕಾಯಿಲೆ ಬರುತ್ತೆ, ಅಲ್ಲಿಯ ಸೈಕ್ಲಿಸ್ಟ್‌ಗಳು ಅದನ್ನ ತಿಳಿದುಕೊಂಡೇ ಹೊರಡ್ತಾರೆ. ಇಲ್ಲಿ ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಯಾರೂ ಇಲ್ಲದ ಜಾಗ ಅಂತ ನಾವು ಅಂದುಕೊಂಡಿದ್ದು ಆ ಅಮ್ಮನ ಮನೆಯವರು ದರಗು ತರೋ ಜಾಗ. ಅವರು ಹೋಗದೆ ವಿಧಿ ಇಲ್ಲ. ನಮಗೇನು ವಿಧಿ?

ಹಾಗಾಗಿ ನಮ್ಮ ಸೈಕಲ್ ಗುಂಪಿನವರಿಗೆ ನನ್ನ ಕೋರಿಕೆ ಇಷ್ಟು. ಹೋಗೋ ದಾರಿಯಲ್ಲಿ ಮಂಗ ಸತ್ತ ಸುದ್ದಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಪಂಚಾಯಿತಿಗೋ ತಿಳಿಸಿ. ಕಾಯಿಲೆ ಇರೋ ಕಡೆ ಇಲಾಖೆಯವರು ಡೆಪಾ ಎಣ್ಣೆ ಹಂಚ್ತಾರೆ, ಕೇಳಿ ಹಚ್ಚಿಕೊಳ್ಳಿ. ಉದ್ದ ಪ್ಯಾಂಟ್ ಹಾಕಿ, ಅದರ ತುದಿಯನ್ನ ಸಾಕ್ಸ್ ಒಳಗೆ ಸೇರಿಸಿ. ಒಣ ಎಲೆ ಮೇಲೆ ಕೂರಬೇಡಿ. ಸಂಜೆ ಬಿಸಿನೀರಿನ ಸ್ನಾನ ಮಾಡಿ, ಕಂಕುಳು, ಸೊಂಟ, ಮಂಡಿ ಹಿಂದೆ, ಕಿವಿ ಹಿಂದೆ ನೋಡಿಕೊಳ್ಳಿ. ವಾಪಸ್ ಬಂದ ಮೇಲೆ ಜ್ವರ ಬಂದರೆ ಮಾತ್ರೆ ನುಂಗಿ ಸುಮ್ಮನಾಗಬೇಡಿ, ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ಹೇಳಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದೆ ಹೇಗೆ ಗೊತ್ತಾಗಬೇಕು?

ಎರಡನೇ ರಾತ್ರಿ ನಾವು ಘಾಟಿ ಇಳಿಯೋ ಮೊದಲು ಒಂದು ಮನೆಯಲ್ಲಿ ಅಂಗಳ ಕೇಳಿದ್ವಿ. ಕೇಳೋಕೆ ನನಗೆ ಟೆಂಟ್ ಹಾಕೋದಕ್ಕಿಂತ ಹೆಚ್ಚು ಧೈರ್ಯ ಬೇಕಾಯ್ತು. ಅಂಗಳ ಯಾಕೆ, ಜಗಲಿಯಲ್ಲೇ ಮಲಗಿ ಅಂದರು. ರಾತ್ರಿ ಹತ್ತರವರೆಗೂ ಅಲ್ಲಿ ಅಡಿಕೆ ಸುಲೀತಿದ್ದರು. ನಾವೂ ಮೆಟ್ಟುಗತ್ತಿ ಮುಂದೆ ಕೂತ್ವಿ. ಅವರು ಹತ್ತು ಸುಲಿಯೋದರಲ್ಲಿ ನಾನು ಒಂದು ಸುಲಿದೆ, ಅದೂ ಗಾಯ ಮಾಡಿ. ಎಲ್ಲರೂ ನಕ್ಕರು. ಮಜ್ಜಿಗೆ ಅನ್ನ ಉಂಡು ಚಾಪೆ ಮೇಲೆ ಬಿದ್ದುಕೊಂಡ್ವಿ. ಸೊಳ್ಳೆ ಕಚ್ಚಿತು, ಇಲ್ಲ ಅನ್ನಲ್ಲ.

ಆ ನಾಲ್ಕು ತಲೆಬಲೆ ಇನ್ನೂ ನನ್ನ ರೂಮಿನಲ್ಲೇ ಇವೆ. ಯಾರಾದರೂ ಸ್ಕಾಟ್ಲೆಂಡಿಗೆ ಹೋಗೋರಿದ್ದರೆ ಬಂದು ತಗೊಂಡು ಹೋಗಿ.