ಚಿತ್ರ ಯಂತ್ರದ್ದು, ಹೊಣೆ ನಮ್ಮದು

ಶಿವಮೊಗ್ಗ, ಭದ್ರಾವತಿಗಳ ಅಂಗಡಿ ಮಾಲಕರು ಇಂದು ಜಾಹೀರಾತಿನ ಚಿತ್ರಕ್ಕಾಗಿ ಕಲಾವಿದನನ್ನು ಹುಡುಕಬೇಕಿಲ್ಲ. ನಾಲ್ಕು ವಾಕ್ಯ ಬರೆದರೆ ಸಾಕು, ಕೃತಕ ಬುದ್ಧಿಮತ್ತೆ ನಿಮಿಷದೊಳಗೆ ಚಿತ್ರ ಒದಗಿಸುತ್ತದೆ. 2022ರಲ್ಲಿ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್‌ಗಳು ಬಂದ ಬಳಿಕ ಈ ಸೌಲಭ್ಯ ಸಾಮಾನ್ಯರಿಗೂ ಎಟುಕಿದೆ. ಅಲ್ಪ ಬಂಡವಾಳದ ವ್ಯಾಪಾರಿಗೆ ಇದು ಉಪಕಾರಿಯೇ. ಕುರುಡಾಗಿ ವಿರೋಧಿಸುವುದು ಜಾಣತನವಲ್ಲ.

ಆದರೆ ಈ ಯಂತ್ರ ನಿಮ್ಮ ಅಂಗಡಿಯನ್ನು ಕಂಡಿಲ್ಲ. ಕೋಟ್ಯಂತರ ಚಿತ್ರಗಳಿಂದ ಕಲಿತ ಹೋಲಿಕೆಗಳ ಬಲದಿಂದ ಅದು ಹೊಸ ಚಿತ್ರ ಕಟ್ಟುತ್ತದೆ. ಆದ್ದರಿಂದಲೇ ಕನ್ನಡದ ಒತ್ತಕ್ಷರವೋ ಉರ್ದು ಅಕ್ಷರದ ಚುಕ್ಕಿಯೋ ತಪ್ಪುವುದುಂಟು. ಶುಭಾಶಯ ಪತ್ರಕ್ಕೆ ಕಲ್ಪಿತ ಚಿತ್ರ ಅಲಂಕಾರ. ಮಾರುವ ಬಟ್ಟೆಗೆ, ಪೀಠೋಪಕರಣಕ್ಕೆ ಅದೇ ವಂಚನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಚಿತ್ರ ಬಿಡಿಸಿದ್ದು ಯಂತ್ರವೆಂಬ ನೆಪ ಅಲ್ಲಿ ರಕ್ಷಣೆಯಾಗದು.

ಬೀದಿಗೆ ಬರುವ ಚಿತ್ರದ ಹೊಣೆಯಂತೂ ಇನ್ನೂ ದೊಡ್ಡದು. 2022ರ ಆಗಸ್ಟ್ 15ರಂದು ಅಮೀರ್ ಅಹ್ಮದ್ ವೃತ್ತದಲ್ಲಿ ಎದ್ದ ಫ್ಲೆಕ್ಸ್ ವಿವಾದ ನಿಷೇಧಾಜ್ಞೆಗೆ ಎಡೆಮಾಡಿತು. ಮರುದಿನ ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಶಾಲೆಗಳು ಮುಚ್ಚಿದವು. ಅದು ಕೇವಲ ಒಂದು ಫ್ಲೆಕ್ಸ್‌ನ ವಿವಾದ. ನಡೆಯದ ಘಟನೆಯನ್ನೂ ನಡೆದಂತೆ ತೋರಿಸಬಲ್ಲ ಯಂತ್ರ ಪ್ರತಿಯೊಬ್ಬರ ಜೇಬಿನಲ್ಲಿರುವಾಗ ನಮ್ಮ ಎಚ್ಚರ ಎಷ್ಟಿರಬೇಕು?

ನಮ್ಮ ಯುವಕರು ಈ ವಿದ್ಯೆಯನ್ನು ಕಲಿಯಲಿ, ಅದರಿಂದ ಸಂಪಾದಿಸಲಿ. ಆದರೆ ಕೃತಕವಾದುದನ್ನು ಕೃತಕವೆಂದೇ ಹೇಳಲಿ. ಮುದ್ರಣಕ್ಕೆ ಮುನ್ನ ಅಕ್ಷರ ಬಲ್ಲವರಿಗೆ, ಕಲೆ ಬಲ್ಲವರಿಗೆ ತೋರಿಸಿ, ಅವರ ಶ್ರಮಕ್ಕೆ ತಕ್ಕ ಕೂಲಿ ಕೊಡಲಿ. ಯಂತ್ರಕ್ಕೆ ಲಜ್ಜೆಯಿಲ್ಲ, ಅದನ್ನು ಬಳಸುವವನಿಗೆ ಇರಲೇಬೇಕು.