ಗಿರಕಿ ಲೆಕ್ಕ ಹಾಕುವವರಿಗೆ

ಯಕ್ಷಗಾನ ನೋಡಿ ಬಂದು ಬರೆಯುವ ಬ್ಲಾಗಿಗ ಗೆಳೆಯರ ಮೇಲೆ ನನ್ನದೊಂದು ತಕರಾರಿದೆ. ಬಹಳ ದಿನದಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ, ಇವತ್ತು ಹೇಳಿಬಿಡ್ತೀನಿ. ಬೇಜಾರಾದರೆ ಕೆಳಗೆ ಬೈದು ಹೋಗಿ, ಅಳಿಸೋದಿಲ್ಲ :-)

ಭಾಗವತರು ಯಾವ ಪದ್ಯಕ್ಕೆ ಯಾವ ರಾಗ ಹಿಡಿದರು ಅಂತ ನೀವು ಬರೀತೀರಿ. ಅರ್ಥಧಾರಿ ಯಾವ ಮಾತಿಗೆ ಏನು ಎದುರುತ್ತರ ಕೊಟ್ಟ ಅನ್ನೋದನ್ನ ಅಕ್ಷರಕ್ಕಕ್ಷರ ಒಪ್ಪಿಸ್ತೀರಿ. ಚೌಕಿಯಲ್ಲಿ ಕೊಟ್ಟ ಚಹಾ ತಣ್ಣಗಾಗಿತ್ತು ಅನ್ನೋದನ್ನೂ ಬಿಡೋದಿಲ್ಲ. ಕುಣಿತದ ವಿಷಯ ಬಂತೋ, "ಅದ್ಭುತ", "ರೋಮಾಂಚನ", "ರಂಗಸ್ಥಳ ಹುಡಿ ಹಾರಿತು". ಅಷ್ಟೂ ಸಾಲದಿದ್ದರೆ ಒಂದು ಸಂಖ್ಯೆ. ಇಷ್ಟು ಮಂಡಿ ಹಾಕಿದ, ಅಷ್ಟು ಧೀಂಗಿಣ ಹೊಡೆದ. ಮುಗೀತು. ಕ್ರಿಕೆಟ್ ಸ್ಕೋರು ಬರೆದ ಹಾಗೆ.

ಸ್ವಾಮಿ, ಪಾದ ಏನು ಹೇಳಿತು ಅನ್ನೋದನ್ನ ಯಾರು ಬರೀಬೇಕು?

ನಾನು ಬಾಳೂರಿನವ. ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರಕ್ಕೆ ತೆಂಕಿನ ಮೇಳಗಳು ಬರ್ತವೆ. ಕುದುರೆಮುಖ ದಾಟಿ ಕಳಸದ ಕಡೆಯಿಂದಲೋ, ಶೃಂಗೇರಿ ಕೊಪ್ಪದ ಕಡೆಯಿಂದಲೋ ಬಡಗಿನವು ಬರ್ತವೆ. ತೋಟಕ್ಕೆ ಅಂತ ಘಟ್ಟ ಹತ್ತಿ ಬಂದ ತುಳುನಾಡಿನವರು ಲೈನುಮನೆಗಳಲ್ಲಿ, ಕುಂದಾಪುರದ ಕಡೆಯವರು ಪೇಟೆಯ ಹೋಟೆಲುಗಳಲ್ಲಿ, ಇಬ್ಬರಿಗೂ ಅವರವರ ತಿಟ್ಟೇ ದೊಡ್ಡದು. ಮಧ್ಯದಲ್ಲಿ ನಮ್ಮಂಥವರು ಎರಡನ್ನೂ ಕಂಬಳಿ ಹೊದ್ದು ನೋಡಿ ಬೆಳೆದೆವು. ಹಾಗಾಗಿ ತಿಟ್ಟಿನ ಜಗಳ ನನಗೆ ಬೇಡ. ಈ ರೋಗ ಎರಡೂ ಕಡೆ ಇದೆ.

ಯಾವ ರೋಗ ಅಂದ್ರಾ? ಎಣಿಸುವ ರೋಗ.

ಇದು ನಮ್ಮೊಬ್ಬರದ್ದೇ ಅಲ್ಲ, ಅದೊಂದು ಸಮಾಧಾನ. ಬ್ಯಾಲೆಯನ್ನು ನಾನು ನೋಡಿದ್ದು ಕಂಪ್ಯೂಟರ್ ಪರದೆಯ ಮೇಲೆ ಮಾತ್ರ, ಆದರೂ ಹುಚ್ಚು ಹಿಡಿಸಿಕೊಂಡು ನೋಡಿದ್ದೀನಿ. 1895ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಪಿಯೆರಿನಾ ಲೆನ್ಯಾನಿ ಅನ್ನುವ ಇಟಲಿಯ ನರ್ತಕಿ 'ಹಂಸ ಸರೋವರ'ದಲ್ಲಿ ಒಂಟಿ ಕಾಲಿನ ತುದಿಯ ಮೇಲೆ, ಇನ್ನೊಂದು ಕಾಲನ್ನು ಚಾಟಿಯ ಹಾಗೆ ಬೀಸುತ್ತಾ, ನಿಂತಲ್ಲೇ 32 ಸುತ್ತು ತಿರುಗಿದಳು. ಫುಯೆತೆ ಅಂತ ಅದರ ಹೆಸರು. ಆಮೇಲೆ ಆ ಪಾತ್ರ ಮಾಡುವವರೆಲ್ಲ 32 ತಿರುಗಬೇಕು ಅನ್ನೋದೇ ಶಾಸ್ತ್ರವಾಯಿತು, ಅಲ್ಲಿಯ ಪ್ರೇಕ್ಷಕರೂ ಬೆರಳು ಮಡಚಿ ಎಣಿಸೋದಕ್ಕೆ ಶುರು ಮಾಡಿದರು. ಆದರೆ ಮಾಯಾ ಪ್ಲಿಸೆತ್ಸ್ಕಾಯಾ ಅನ್ನುವ ರಷ್ಯಾದ ಮಹಾ ನರ್ತಕಿ ಆ 32ನ್ನು ಬಿಟ್ಟುಬಿಟ್ಟಳು. ಅದರ ಬದಲು ರಂಗದ ಸುತ್ತ ವೇಗವಾಗಿ ಸುತ್ತು ಹೊಡೆದಳು. ಅವಳ ದೊಡ್ಡತನಕ್ಕೆ ಅದರಿಂದ ಏನೂ ಕಡಿಮೆಯಾಗಲಿಲ್ಲ. ಯಾಕೆಂದರೆ ಆ ಪಾತ್ರ ಯಾವುದು ನೋಡಿ: ಮಾಟಗಾರನ ಮಗಳು, ಹಂಸಕನ್ಯೆಯ ರೂಪದಲ್ಲಿ ಬಂದು ರಾಜಕುಮಾರನ ಕಣ್ಣು ಕಟ್ಟಬೇಕು. ಆ ತಿರುಗುವಿಕೆ ಇರೋದೇ ಅವನ ತಲೆ ತಿರುಗಿಸೋದಕ್ಕೆ. ಅವನ ತಲೆ ತಿರುಗಿತೇ ಅನ್ನೋದು ಪ್ರಶ್ನೆ, ಎಷ್ಟು ಸಲ ಅನ್ನೋದಲ್ಲ. ಮತ್ತೆ, ಅವಳು ಹೀಗೆ ಮಾಡಿದಳು ಅಂತ ನನಗೆ, ಬಾಳೂರಿನಲ್ಲಿ ಕೂತವನಿಗೆ, ಗೊತ್ತಾಗಿದ್ದು ಹೇಗೆ? ಯಾರೋ ನೋಡಿ ಬರೆದಿಟ್ಟಿದ್ದರಿಂದ.

ನಮ್ಮಲ್ಲಿ ಇದೇ ಮಾತಿಗೆ ಇದಕ್ಕಿಂತ ಒಳ್ಳೆಯ ಪ್ರಸಂಗ ಇದೆ. ಭಸ್ಮಾಸುರ ಮೋಹಿನಿ.

ಯೋಚಿಸಿ ನೋಡಿ, ಎಂಥ ಕಥೆ ಅದು! ಬಾಣ ಇಲ್ಲ, ಗದೆ ಇಲ್ಲ. ರಾಕ್ಷಸ ಸಾಯುವುದು ಕುಣಿತದಿಂದ. ಮೋಹಿನಿ ಕುಣಿಯುತ್ತಾಳೆ, ನನ್ನ ಹಾಗೇ ಕುಣಿ ಅನ್ನುತ್ತಾಳೆ, ಅವನು ಒಂದೊಂದೇ ಹೆಜ್ಜೆ ಅನುಕರಿಸುತ್ತಾ ಹೋಗಿ ಕೊನೆಗೆ ಉರಿಗೈಯನ್ನು ತನ್ನ ತಲೆಯ ಮೇಲೇ ಇಟ್ಟುಕೊಳ್ಳುತ್ತಾನೆ. 1841ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದ 'ಜಿಸೆಲ್'ನಲ್ಲೂ ಹೆಣ್ಣು ಪ್ರೇತಗಳು ಗಂಡಸರನ್ನು ಕುಣಿಸಿ ಕುಣಿಸಿಯೇ ಕೊಲ್ಲುತ್ತವೆ. ಆದರೆ ಅಲ್ಲಿ ದಣಿದು ಸಾಯೋದು. ನಮ್ಮಲ್ಲಿ ಕಲಿತು ಸಾಯೋದು. ನನಗೆ ನಮ್ಮದೇ ಹೆಚ್ಚು ಭಯಂಕರ ಅನ್ನಿಸುತ್ತೆ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರು ನಿಮ್ಮಲ್ಲಿ ಇನ್ನೂ ಇದ್ದೀರಿ. (2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ಹೋದರು. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದ ಮನುಷ್ಯ.) ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಅವರು ವರ ಪಡೆದ ಮೇಲೆ ತಮ್ಮ ಅಂಗೈಯನ್ನು ನೋಡಿಕೊಂಡ ರೀತಿ. ಅದು ತಮ್ಮದೇ ಕೈ ಅನ್ನೋದು ಮರೆತ ಹಾಗೆ, ಮೈಯಿಂದ ದೂರ ಹಿಡಿದು, ಸೊಂಟವನ್ನು ಒಂದು ಕಡೆ ವಾಲಿಸಿ, ಚಂಡೆ ಹೊಡೆಯುತ್ತಿದ್ದರೂ ಪಾದವನ್ನು ಅರ್ಧಕ್ಕೆ ತಡೆದು ನಿಲ್ಲಿಸಿ. ಆಮೇಲೆ ಹೆಜ್ಜೆ ಬಿದ್ದಾಗ ಅದರಲ್ಲಿ ಹೆದರಿಕೆಯೂ ಇತ್ತು, ದುರಾಸೆಯೂ ಇತ್ತು. ಮೋಹಿನಿಯ ಎದುರು ಬಂದಾಗ ಅದೇ ಕಾಲು ಮೃದುವಾಗುತ್ತಿತ್ತು, ಚೆನ್ನಾಗಿ ಕುಣಿಯಬೇಕು ಅನ್ನುವ ರಾಕ್ಷಸನ ಆಸೆ ನೋಡಿ ನಗು ಬರುತ್ತಿತ್ತು, ಸಾಯುವಾಗ ಅಯ್ಯೋ ಅನ್ನಿಸುತ್ತಿತ್ತು. ಅವರ ಕುಣಿತ ಅತಿಯಾಯಿತು, ಸಂಪ್ರದಾಯ ಬಿಟ್ಟಿತು ಅಂತ ಜಗಳ ಆಡಿದವರೂ ಇದ್ದರು. ಆಡಲಿ, ಅದು ಒಳ್ಳೆಯ ಜಗಳ. ಕುಣಿತವನ್ನು ಕಣ್ಣಿಟ್ಟು ನೋಡಿದವನು ಮಾತ್ರ ಆಡಬಹುದಾದ ಜಗಳ ಅದು.

ಶಂಭು ಹೆಗಡೆಯವರದ್ದು ಇದಕ್ಕೆ ಪೂರ್ತಿ ತದ್ವಿರುದ್ಧ. ಅವರು ಸುಮ್ಮನೆ ನಿಂತರೆ ಸಾಕಿತ್ತು. ನಿಲ್ಲುವುದೂ ಕುಣಿತ ಅನ್ನೋದು ನನಗೆ ಗೊತ್ತಾಗಿದ್ದೇ ಅವರಿಂದ. ಇಡಗುಂಜಿ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರ ಮಗ, ಮನೆಯಲ್ಲೇ ಕಲಿಯೋದಕ್ಕೆ ಬೇಕಾದಷ್ಟಿತ್ತು. ಆದರೂ ದೆಹಲಿಗೆ ಹೋಗಿ ಮಾಯಾ ರಾವ್ ಅವರ ಹತ್ತಿರ ಕೊರಿಯಾಗ್ರಫಿ ಕಲಿತರು. ಆ ಮಾಯಾ ರಾವ್ ನಮ್ಮ ಬೆಂಗಳೂರಿನ ಮಲ್ಲೇಶ್ವರದವರು, ಕಥಕ್ ನರ್ತಕಿ. 1960ರ ದಶಕದಲ್ಲಿ ಮಾಸ್ಕೋಗೆ ಹೋಗಿ ಬ್ಯಾಲೆಯವರ ನಡುವೆ ಕೂತು ಕೊರಿಯಾಗ್ರಫಿ ಓದಿ ಬಂದವರು. ಅಂದರೆ ಹೊನ್ನಾವರದ ರಂಗಸ್ಥಳಕ್ಕೂ ಮಾಸ್ಕೋದ ರಂಗಕ್ಕೂ ನಡುವೆ ಒಬ್ಬರೇ ಒಬ್ಬ ಗುರು! ಇದನ್ನು ಹೇಳಿದರೆ ನಮ್ಮವರಿಗೆ ಆಶ್ಚರ್ಯ. 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷ ಕಟ್ಟಿ ಕುಣಿದ ಬೆನ್ನಿಗೇ ಶಂಭು ಹೆಗಡೆ ತೀರಿಕೊಂಡರು. ಆಗ ಬಂದ ಲೇಖನಗಳನ್ನು ನಾನು ಆಸೆಯಿಂದ ಓದಿದೆ. ಪ್ರಶಸ್ತಿಗಳ ಪಟ್ಟಿ ಇತ್ತು, ವಿದೇಶ ಪ್ರವಾಸದ ಪಟ್ಟಿ ಇತ್ತು. ಅವರ ಕೌರವ ಹೇಗೆ ತಿರುಗಿ ನೋಡುತ್ತಿದ್ದ ಅನ್ನೋದು ನನ್ನ ಕಣ್ಣಿಗೆ ಬಿದ್ದ ಒಂದರಲ್ಲೂ ಇರಲಿಲ್ಲ.

"ಯಕ್ಷಗಾನದಲ್ಲಿ ಮಾತೇ ಮುಖ್ಯ ಮಾರಾಯ, ಕುಣಿತ ಪದ್ಯಕ್ಕೂ ಪದ್ಯಕ್ಕೂ ನಡುವಿನ ಸೇತುವೆ ಅಷ್ಟೆ" ಅನ್ನುವ ತಾಳಮದ್ದಳೆ ಪಾರ್ಟಿ ಒಂದಿದೆ. ಅವರಿಗೆ ಶಿವರಾಮ ಕಾರಂತರನ್ನು ನೆನಪಿಸಬೇಕು. 'ಯಕ್ಷಗಾನ ಬಯಲಾಟ' ಬರೆದು 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದ ಕಾರಂತರು ಸುಮ್ಮನೆ ಕೂರಲಿಲ್ಲ. ಉಡುಪಿಯಲ್ಲಿ ಕಲಾವಿದರನ್ನು ಸೇರಿಸಿ, ಮಾತನ್ನೇ ಕಿತ್ತು ಹಾಕಿ, ಬರೀ ಹಾಡು ಮತ್ತು ಕುಣಿತದ 'ಯಕ್ಷಗಾನ ಬ್ಯಾಲೆ' ಮಾಡಿದರು. ಪಿಟೀಲು, ಸ್ಯಾಕ್ಸೋಫೋನ್ ತಂದು ಕೂರಿಸಿದರು. ಇಡೀ ರಾತ್ರಿಯದ್ದನ್ನು ಎರಡು ಮೂರು ಗಂಟೆಗೆ ಇಳಿಸಿದರು. ಬೈಗುಳ ಬೇಕಾದಷ್ಟು ತಿಂದರು. ಮಾತು ತೆಗೆದಿದ್ದು ನನಗೂ ಒಪ್ಪಿಗೆ ಇಲ್ಲ. ಮಾತಿಲ್ಲದ ಆಟ ಉಪ್ಪಿಲ್ಲದ ಕಡುಬು. ಸ್ಯಾಕ್ಸೋಫೋನ್ ಮದುವೆ ಮನೆಯಲ್ಲೇ ಚೆಂದ. ಆದರೆ ಅವರು ಕೇಳಿದ ಪ್ರಶ್ನೆ ಇದೆಯಲ್ಲ, ಅದಕ್ಕೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ. ಮಾತನ್ನು ತೆಗೆದರೆ ನಿಮ್ಮ ಕಾಲು ಏನಾದರೂ ಹೇಳುತ್ತಾ, ಇಲ್ಲವಾ?

ಈಗಿನ ಗಿರಕಿಗಳನ್ನು ಆ ಪ್ರಶ್ನೆಯ ಎದುರು ನಿಲ್ಲಿಸಿ ನೋಡಿ. ರಾಮನೂ ಮಂಡಿ ಹಾಕ್ತಾನೆ, ಸುಧನ್ವನೂ ಹಾಕ್ತಾನೆ, ಹೆಂಡತಿ ಸತ್ತು ದುಃಖದಲ್ಲಿದ್ದವನೂ ಹಾಕ್ತಾನೆ. ಮಂಡಿಯೂರಿ ಸುತ್ತಿದವನು ಯಾರು, ಯಾಕೆ ಸುತ್ತಿದ, ಆ ಕಾಲಿಗೇ ಗೊತ್ತಿಲ್ಲ.

"ಹಾಗಾದ್ರೆ ಧೀಂಗಿಣ ಬೇಡವಾ? ಅದೂ ಸಂಪ್ರದಾಯವೇ ಅಲ್ವಾ?" ಅಂತೀರಿ. ಬೇಕು ಕಣ್ರೀ, ಖಂಡಿತ ಬೇಕು. 2021ರಲ್ಲಿ ತೀರಿಕೊಂಡ ಪುತ್ತೂರು ಶ್ರೀಧರ ಭಂಡಾರಿಯವರು ಧೀಂಗಿಣಕ್ಕೇ ಹೆಸರಾದವರು. ಅವರ ಪುಂಡುವೇಷದಲ್ಲಿ ಅದು ಬರೀ ಕಸರತ್ತಾಗಿರಲಿಲ್ಲ. ಹದಿಹರೆಯದ ಹುಡುಗನ ಮೈಯಲ್ಲಿ ಹಿಡಿಸದ ಸಿಟ್ಟು ನೆಲ ಬಿಟ್ಟು ಮೇಲೆ ಹಾರುವುದು ಅದು. ಚಕ್ರವ್ಯೂಹದೊಳಗೆ ಸುತ್ತಲೂ ಮಹಾರಥರು ಮುತ್ತಿದಾಗ ಅಭಿಮನ್ಯು ತಿರುಗದೆ ಇನ್ಯಾರು ತಿರುಗಬೇಕು? ಅದೇ ಅಭಿಮನ್ಯು ಯುದ್ಧಕ್ಕೆ ಹೊರಡುವ ಮೊದಲು ಸುಭದ್ರೆಯ ಎದುರು ನಿಂತು ಗಿರಕಿ ಹೊಡೆದರೆ ಅಮ್ಮನಿಗೆ ಸರ್ಕಸ್ ತೋರಿಸಿದ ಹಾಗೆ.

ಹೋದ ಸೀಸನ್ನಿನಲ್ಲಿ ನಮ್ಮೂರಿನ ಹತ್ತಿರ ನಾನು ನೋಡಿದ್ದು ಅದೇ. ಮೇಳದ ಹೆಸರು ಬೇಡ, ತಪ್ಪು ಅವರದ್ದಲ್ಲ. ಜಾಗ ಕಾಫಿ ಒಣಗಿಸುವ ಕಣ. ಸಿಮೆಂಟಿನ ನೆಲ, ಮೇಲೊಂದು ತೆಳು ಜಮಖಾನ. ಇಪ್ಪತ್ತರ ಆಸುಪಾಸಿನ ಹುಡುಗನ ಅಭಿಮನ್ಯು. ಅಮ್ಮನ ಎದುರು ಅವನು ಚಂದವಾಗಿ ಒಂದು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿದ. ಎಷ್ಟು ಹಿತವಾಗಿತ್ತು ಅಂತೀರಿ! ಆದರೆ ಮುಂದೆ ಕೂತವರು ಬಿಡಬೇಕಲ್ಲ. ಶಿಳ್ಳೆ. "ಹಾಕು ಹಾಕು!" ಮೊಬೈಲುಗಳು ಮೇಲೆದ್ದವು. ಹುಡುಗ ಮಂಡಿ ಹಾಕಿದ. ಜನ ಜೋರಾಗಿ ಎಣಿಸಿದರು, ಒಂದು, ಎರಡು, ಮೂರು... ಇಪ್ಪತ್ತು ದಾಟಿತು. ಮುಂದಿನ ಪದ್ಯಕ್ಕೆ ಮಾತಾಡಲು ಅವನಲ್ಲಿ ಉಸಿರು ಉಳಿದಿರಲಿಲ್ಲ, ಸುಭದ್ರೆಯ ವೇಷದವರೇ ಎರಡು ಮಾತು ಹೆಚ್ಚಿಗೆ ಸೇರಿಸಿ ಸುಧಾರಿಸಿದರು. ಆಟ ಮುಗಿದ ಮೇಲೆ ಚೌಕಿಗೆ ಹೋದೆ. ಅರ್ಧ ಬಣ್ಣ ತೆಗೆದ ಮುಖದಲ್ಲಿ ಕೂತು ಮೊಣಕಾಲಿಗೆ ಬ್ಯಾಂಡೇಜು ಸುತ್ತಿಕೊಳ್ಳುತ್ತಿದ್ದ. ಅಲ್ಲಿ ಯಾಕೆ ಹಾಕಿದೆ ಮಾರಾಯ ಅಂದೆ. "ಮಂಡಿ ಹಾಕ್ದಿದ್ರೆ ಜನ ಎದ್ದ್ ಹೋತ್ರ್ ಅಣ್ಣ" ಅಂದ. ನಗುತ್ತಾ ಹೇಳಿದ, ಅದೇ ಕಷ್ಟ ಆಗಿದ್ದು.

ಮರುದಿನ ಅವನಿಗೆ ಇನ್ನೊಂದು ಊರು, ಇನ್ನೊಂದು ನೆಲ. ನವೆಂಬರ್ ಹೊತ್ತಿಗೆ ಗೆಜ್ಜೆ ಕಟ್ಟಿದರೆ ಪತ್ತನಾಜೆಗೆ ಬಿಚ್ಚುವುದು. ಅಲ್ಲಿಯವರೆಗೆ ಹೆಚ್ಚುಕಡಿಮೆ ದಿನಾ ರಾತ್ರಿ. ಬ್ಯಾಲೆ ತಂಡಗಳಿಗೆ ಕಾಲಿಟ್ಟರೆ ಸ್ವಲ್ಪ ಬಗ್ಗುವ ಮರದ ನೆಲವೇ ಬೇಕು, ಕಾಂಕ್ರೀಟಿನ ಮೇಲೆ ನೆಗೆದರೆ ಕೀಲು ಹಾಳಾಗುತ್ತೆ ಅನ್ನೋದು ಅಲ್ಲಿ ಸಾಮಾನ್ಯ ಜ್ಞಾನ. ನಮ್ಮ ಹುಡುಗರು ನೆಗೆಯುವುದಷ್ಟೇ ಅಲ್ಲ, ಮೊಣಕಾಲನ್ನೇ ಊರಿ ಸುತ್ತುತ್ತಾರೆ, ಅದೂ ಸಿಮೆಂಟಿನ ಮೇಲೆ. ಆಟ ಆಡಿಸುವವರು ಜನರೇಟರಿಗೆ ಕೊಡ್ತಾರೆ, ಊಟಕ್ಕೆ ಕೊಡ್ತಾರೆ, ಸನ್ಮಾನದ ಶಾಲಿಗೂ ಕೊಡ್ತಾರೆ. ನಾಲ್ಕು ಹಲಗೆ ಹಾಸಿ ಅಂದರೆ ಮುಖ ನೋಡ್ತಾರೆ. ಸುತ್ತಲೂ ಸಿಲ್ವರ್ ಮರ ಇರುವ ತೋಟದಲ್ಲಿ ಹಲಗೆಗೆ ಬರ!

ಇನ್ನು ಕಾಲಮಿತಿ. ಅದನ್ನು ನಾನು ಬಯ್ಯೋದಿಲ್ಲ. ರಾತ್ರಿ ಹತ್ತರ ಮೇಲೆ ಮೈಕು ಹಾಕಬಾರದು ಅನ್ನುವ ಶಬ್ದಮಾಲಿನ್ಯದ ನಿಯಮ 2000ನೇ ಇಸವಿಯಿಂದಲೂ ಇದೆ. ಬೆಳಿಗ್ಗೆ ಎದ್ದು ಕಾಫಿ ಕುಯ್ಲಿಗೆ ಹೋಗಬೇಕಾದವರಿಗೂ ಮಧ್ಯರಾತ್ರಿಗೆ ಮುಗಿದರೆ ಒಳ್ಳೆಯದೇ. ಆದರೆ ಸಮಯ ಇಳಿಸಿದಾಗ ಮೊದಲು ಹೋಗಿದ್ದು ಯಾವುದು? ಒಡ್ಡೋಲಗ. ಇಬ್ಬರು ಹಿಡಿದ ತೆರೆಯ ಹಿಂದೆ ಮೊದಲು ಕಿರೀಟದ ತುದಿ, ಆಮೇಲೆ ಪಾದ, ಆಮೇಲೆ ಬೆನ್ನು, ಹೀಗೆ ಚೂರುಚೂರಾಗಿ ಪಾತ್ರ ಹುಟ್ಟುವುದನ್ನು ನೋಡುವ ಸುಖ ಈಗಿನ ಹುಡುಗರಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ? ಅದನ್ನು ಕತ್ತರಿಸಿದಾಗ ಯಾರೂ ಯಾಕೆ ಕೇಳಲಿಲ್ಲ ಅಂದರೆ, ಅದಕ್ಕೆ ಯಾರೂ ಶಿಳ್ಳೆ ಹೊಡೆದಿರಲಿಲ್ಲ. ಯಾರೂ ಬರೆದೂ ಇರಲಿಲ್ಲ. ಗಿರಕಿ ಮಾತ್ರ ಉಳಿಯಿತು, ಮೊಬೈಲಿನ ಮೂವತ್ತು ಸೆಕೆಂಡಿನ ತುಣುಕಿನಲ್ಲಿ ಅದು ಸರಿಯಾಗಿ ಕೂರುತ್ತೆ ನೋಡಿ. ಅಭಿಮನ್ಯು ತಲೆ ತಗ್ಗಿಸಿದ್ದು ಆ ತುಣುಕಿನಲ್ಲಿ ಇಲ್ಲ, ನಾನು ಹುಡುಕಿದೆ.

"ನನಗೆ ತಾಳ ಗೊತ್ತಿಲ್ಲ, ಹೆಜ್ಜೆಗಳ ಹೆಸರು ಗೊತ್ತಿಲ್ಲ, ನಾನೇನು ಬರೀಲಿ?" ಅನ್ನಬೇಡಿ. ನನಗೂ ಎಲ್ಲ ಹೆಸರು ಬರೋದಿಲ್ಲ. ಹೆಸರು ಬೇಡ, ಕಂಡಿದ್ದು ಬರೀರಿ. ಕಾಲು ನೆಲಕ್ಕೆ ಹಿಮ್ಮಡಿಯಿಂದ ಬಿತ್ತಾ, ಬೆರಳಿನಿಂದ ಬಿತ್ತಾ? ಪದ್ಯ ಮುಗಿಯೋದಕ್ಕೆ ಮೊದಲೇ ನಿಂತನಾ, ಮುಗಿದ ಮೇಲೂ ಒಂದು ಗಳಿಗೆ ಮೈ ಅಲುಗುತ್ತಿತ್ತಾ? ಸ್ತ್ರೀವೇಷ ತಿರುಗಿದಾಗ ಮೊದಲು ತಿರುಗಿದ್ದು ಕಣ್ಣೋ, ಹೆಗಲೋ? ಅಡುಗೆ ಬಗ್ಗೆ ಬರೆಯುವ ನಮ್ಮ ಬ್ಲಾಗಿಗರು ಒಗ್ಗರಣೆಯ ಸಾಸಿವೆ ಸಿಡಿದ ಶಬ್ದದ ಬಗ್ಗೆ ಅರ್ಧ ಪುಟ ಬರೀತಾರೆ. ಕುಣಿತಕ್ಕೆ ಮಾತ್ರ ಯಾಕೆ ಪದಗಳ ಬಡತನ?

ಈ ಸಲ ಗದ್ದೆ ಕೊಯ್ಲು, ಕಾಫಿ ಕುಯ್ಲು ಎರಡೂ ಮುಗಿದ ಮೇಲೆ ನಮ್ಮ ಪೈಕಿಯವರೊಬ್ಬರ ಮನೆಯ ಹರಕೆ ಆಟ ಇದೆ. ಅದೇ ಕಣ. ಹಲಗೆಗೆ ಹೇಳಾಗಿದೆ, ಅದರ ಕೆಳಗೆ ಹಾಸಲು ಅಡಿಕೆ ಹಾಳೆಯೋ ಭತ್ತದ ಹುಲ್ಲೋ ಅನ್ನುವ ಚರ್ಚೆ ಇನ್ನೂ ನಡೀತಿದೆ. ಪ್ರಸಂಗ ಭಸ್ಮಾಸುರ ಮೋಹಿನಿಯೇ ಆಗಲಿ ಅಂತ ನಾನು ಹಟ ಹಿಡಿದಿದ್ದೀನಿ, ಹಿರಿಯರು ಇನ್ನೂ ಒಪ್ಪಿಲ್ಲ. ಒಪ್ಪಿದರೆ ತಿಳಿಸ್ತೀನಿ, ಬನ್ನಿ. ಸ್ವೆಟರ್ ತನ್ನಿ, ಬೆಳಗಿನ ಜಾವ ಇಲ್ಲಿ ಇಬ್ಬನಿ ಮಳೆ ಬಂದ ಹಾಗೆ ಬೀಳುತ್ತೆ. ಮೊಬೈಲು ಜೇಬಿನಲ್ಲೇ ಇರಲಿ. ನೋಡಿ ಹೋದ ಮೇಲೆ ಒಂದೇ ಒಂದು ವಿಷಯ ಬರೆದು ಕಳಿಸಿ: ಭಸ್ಮಾಸುರನ ಕೈ ತಲೆಗೆ ಹೋಗುವುದಕ್ಕೆ ಮೊದಲು, ಮೋಹಿನಿಯ ಎಡಗಾಲು ಎಲ್ಲಿತ್ತು?